ಕತ್ತರಿ ಮೇಜಿನ ಮೇಲೆ ಐದು ಗುಂಡಿ

ಅಂಗಡಿಯ ಶಟರ್ ಅರ್ಧ ಎಳೆದು
ಕತ್ತರಿ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ
ವೇದಿಕೆ ಬರೆದೆ: ಹದಿನೆಂಟಕ್ಕೆ ಹನ್ನೆರಡು,
ಎಡಗಡೆ ಒಂದು ಕಂಬ. ಠಾಕುರ್ಲಿಯಲ್ಲಿ
ನಮ್ಮ ಸಂಘಕ್ಕೆ ಸಿಕ್ಕಿದ್ದು ಅಷ್ಟೇ.

ಡಬ್ಬಿಯಿಂದ ಐದು ಗುಂಡಿ.
ದೊಡ್ಡ ಕಪ್ಪನೆಯದು, ಕೋಟಿನದು, ವಾರಿಜ.
ಎರಡು ಬಿಳಿ ಅಂಗಿಗುಂಡಿ ನಳಿನಿ, ಅವಳ ನಾದಿನಿ ಶೈಲಾ,
ಮಾತು ಬಿಟ್ಟು ಮೂರು ತಿಂಗಳು, ಹೆಜ್ಜೆ ಮಾತ್ರ ಒಂದೇ.
ಅಂಚು ಒಡೆದ ಹಳದಿ ಮಹಾದೇವಿ, ಎಡ ಮೊಣಕಾಲು.
ಐದನೆಯದು ಪ್ರೆಸ್ ಬಟನ್ನು, ಧನುಜಾ,
ಹದಿನೇಳು ವರ್ಷ, ಎಲ್ಲಿಟ್ಟರೂ ಜಾರುತ್ತಾಳೆ.

ಸಾಲಾಗಿ ಇಟ್ಟೆ. ರೇಷನ್ ಅಂಗಡಿಯ ಕ್ಯೂ.
ಬಾಣ ಮಾಡಿದೆ. ತುದಿಗೆ ಯಾರು?
ತುದಿಯವಳು ತಪ್ಪಿದರೆ ಹಿಂದಿನ ನಾಲ್ವರೂ
ಅದನ್ನೇ ಸರಿಯೆಂದು ಕುಣಿಯುತ್ತಾರೆ.
ವೃತ್ತ ಚಂದ, ಸುತ್ತಲೂ ಜನ ಕೂತಿದ್ದರೆ.
ಇಲ್ಲಿ ಜನ ಒಂದೇ ಕಡೆ.
ವೃತ್ತವೆಂದರೆ ಅರ್ಧ ಹೊತ್ತು ಬೆನ್ನು,
ಬೆನ್ನೆಂದರೆ ನಾನು ಹಾಕಿದ ಹುಕ್ಕು,
ಶೈಲಾಳ ರವಿಕೆಯಲ್ಲಿ ಕಡೇ ಗಳಿಗೆಗೆ ಬಿಚ್ಚಿ ಅಗಲಿಸಿದ ಹೊಲಿಗೆ.

ಕೊನೆಗೆ ಓರೆ.
ಓರೆಗೆ ಕತ್ತರಿಸಿದ ಬಟ್ಟೆ ಮೈಗೆ ಒಗ್ಗುತ್ತದೆ,
ನಲವತ್ತು ದಾಟಿದ ಸೊಂಟಕ್ಕೂ.
ನಟ್ಟನಡುವೆ ಮಹಾದೇವಿ. ಅವಳು ತಿರುಗುವುದು ಬೇಡ,
ಉಳಿದವರು ಸುತ್ತಲಿ;
ಬೀಸುಕಲ್ಲಿನ ಗೂಟ ಎಂದಾದರೂ ತಿರುಗಿದ್ದುಂಟೆ?

ವಾರಿಜ ಬಲತುದಿಗೆ, ಹಿಂದೆ.
ಅದನ್ನು ಯೋಚಿಸಲೇ ಇಲ್ಲ.
ಐದಡಿ ಒಂಬತ್ತಿಂಚು.
ಉಚ್ಚಿಲದ ಶಾಲೆಯ ಫೋಟೋದಿಂದಲೂ ಹಿಂದಿನ ಸಾಲು,
ಮದುವೆ ಫೋಟೋದಲ್ಲಿ ಕುರ್ಚಿ ಕೊಟ್ಟು ಕೂರಿಸಿದ್ದರು.

ಭಾನುವಾರ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕ,
ಸಾಲಿನಿಂದ ಓರೆಗೆ ಎಂಟು ಎಣಿಕೆ.
ನಿಂತಾಗ ಎಲ್ಲರೂ ಚಂದ. ಕೆಡುವುದು ನಡುದಾರಿಯಲ್ಲಿ.
ನಾಲ್ಕನೆಯ ಎಣಿಕೆಗೆ ನಳಿನಿ, ಶೈಲಾ
ಭುಜ ತಾಗುವಷ್ಟು ಹತ್ತಿರ ಹಾಯಬೇಕು
(ಬೇಕೆಂದೇ ಇಟ್ಟದ್ದು, ಸುಳ್ಳು ಯಾಕೆ).
ಇಬ್ಬರೂ ನಿಂತುಬಿಡುತ್ತಿದ್ದರು, ನೀನು ಮೊದಲು ಎಂಬಂತೆ.
ಲೋಕಲ್ಲಿನಲ್ಲಿ ಠಾಣೆಗೆ ಇಳಿಯುವವರು
ಕಳ್ವಾದಲ್ಲೇ ಏಳುತ್ತಾರಲ್ಲ,
ಚೀಲ ಎದೆಗೆ, ಒಂದು ಭುಜ ಮುಂದೆ,
ಹಾಗೆ ಹೋಗಿ, ಅಂದೆ.
ಆರನೆಯ ಎಣಿಕೆಗೇ ಜಾಗ ಸೇರಿದರು.

ಆ ದಿನ ಅತಿಥಿಗಳು ಕೆಳಗಿಳಿದರು,
ಕುರ್ಚಿಗಳು ಇಳಿಯಲಿಲ್ಲ.
ಕೆಂಪು ಮಖಮಲ್ಲಿನ ಏಳು ಸಿಂಹಾಸನ,
ಒಂದನ್ನೆತ್ತಲು ಇಬ್ಬರು ಬೇಕು,
ಎತ್ತುವವರು ಊಟಕ್ಕೆ ಹೋಗಿದ್ದರು.
ಹನ್ನೆರಡು ಅಡಿ ಏಳಾಯಿತು.
ಪರದೆಯ ಹಿಂದೆ ಐವರೂ ನನ್ನ ಮುಖ ನೋಡಿದರು.
ನನ್ನ ಕೈಯಲ್ಲಿ ಗುಂಡಿಯೂ ಇಲ್ಲ, ಸುಣ್ಣವೂ ಇಲ್ಲ.

'ಫೋರ್ತ್ ಸೀಟ್,' ಅಂದಳು ಮಹಾದೇವಿ.

ಮೂವರ ಬೆಂಚಿಗೆ ನಾಲ್ವರು ಕೂರುವ ವಿದ್ಯೆ,
ಯಾರೂ ಯಾರಿಗೂ ಕಲಿಸಿದ್ದಲ್ಲ.
ಧನುಜಾ ಸರಿದಳು, ನಳಿನಿ ಕಂಬಕ್ಕೆ ಒತ್ತಿದಳು.
ಹಿಂದೆ ಎಂಬುದೇ ಉಳಿದಿರಲಿಲ್ಲ.
ವಾರಿಜ ಮುಂದೆ ಬಂದಳು.

ಇಷ್ಟು ವರ್ಷ ಮುಂದಿನವರ ಜಡೆ ನೋಡಿ ಕುಣಿದವಳು.
ನೋಡಲು ಯಾರ ಜಡೆಯೂ ಇಲ್ಲ.
ಮೊದಲ ಎಂಟು ತುಟಿಯಲ್ಲೇ ಎಣಿಸಿದಳು, ನನಗೆ ಕಂಡಿತು.
ಆಮೇಲೆ ಎಣಿಸಲಿಲ್ಲ.
ಆ ಉದ್ದ ಕೈ ಮೇಲೆತ್ತಿದಾಗ
ಬ್ಯಾನರಿನಲ್ಲಿ ಅಧ್ಯಕ್ಷರ ಹೆಸರಿನ ಮೇಲೆ
ನೆರಳು ಹಾದುಹೋಯಿತು.

ನಳಿನಿ, ಶೈಲಾ ಇನ್ನೂ ಮಾತಾಡುವುದಿಲ್ಲ.

ವಾರಿಜಳ ಮಗ ಫೋನಿನಲ್ಲಿ ಹಿಡಿದಿದ್ದ.
ಅಮ್ಮ ಯಾವಾಗಲೂ ನಿಲ್ಲುವ ಬಲಗಡೆಯ ಹಿಂಮೂಲೆಗೆ
ಮೊದಲೇ ಗುರಿಯಿಟ್ಟು, ಸ್ಟ್ಯಾಂಡಿಗೆ ಸಿಕ್ಕಿಸಿ,
ವಡಾಪಾವ್ ತಿನ್ನಲು ಹೊರಗೆ ಹೋಗಿದ್ದ.
ನಾಲ್ಕೂವರೆ ನಿಮಿಷ: ಒಂದು ಕೆಂಪು ಕುರ್ಚಿ,
ಅದರ ಮೇಲೆ ಯಾರೋ ಮರೆತ ಶಾಲು.
ಎರಡು ಸಲ, ಅಂಚಿನಲ್ಲಿ, ಒಂದು ಮೊಣಕೈ.

ಅಲ್ಲಿ ನಿಲ್ಲಿಸಿ, ಬೆರಳಲ್ಲಿ ದೊಡ್ಡದು ಮಾಡಿ
ವಾರಿಜ ಅಂಗಡಿಗೆ ಬಂದವರಿಗೆಲ್ಲ ತೋರಿಸುತ್ತಾಳೆ:
'ನೋಡಿ, ಇದು ನಾನು.'